ತಂತಿಯ ತುದಿಯಲ್ಲೊಂದು ಆಟ

ಕಳೆದ ಬೇಸಿಗೆ ರಜೆಗೆ ಬರುವ ಮುನ್ನ ನನ್ನ ಮೊಮ್ಮಗ ಫೋನಿನಲ್ಲಿ ಕೇಳಿದ್ದು ಮಾವಿನಹಣ್ಣಿನ ವಿಚಾರವನ್ನಲ್ಲ. "ತಾತ, ನಿಮ್ಮಲ್ಲಿ ಪಿಂಗ್ ಎಷ್ಟು?" ಎಂದ. ತರೀಕೆರೆಯಲ್ಲಿ ಮೂರು ವಾರ ಇರುವುದೋ ಮೂರೇ ದಿನವೋ ಎಂಬುದು ನನ್ನ ಉತ್ತರದ ಮೇಲೆ ನಿಂತಿತ್ತು. ಚರಿತ್ರೆ ಪಾಠ ಹೇಳಿದವನಾದ್ದರಿಂದ ನಾನು ತಂತಿಯ ಚರಿತ್ರೆಯನ್ನೇ ಹಿಡಿದು ಹೊರಟೆ.

ನಮ್ಮ ಯೌವನದಲ್ಲಿ ಕಡೂರಿನಿಂದಾಗಲಿ ಅಜ್ಜಂಪುರದಿಂದಾಗಲಿ ದೂರದೂರಿಗೆ ಮಾತನಾಡಲು ಟ್ರಂಕ್ ಕಾಲ್ ಕಾಯ್ದಿರಿಸಬೇಕಿತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಹೆಚ್ಚು ಹಣ ತೆತ್ತವನು ಕೊಳ್ಳುತ್ತಿದ್ದುದು ಹೆಚ್ಚು ಮಾತನ್ನಲ್ಲ, ಕಡಿಮೆ ಕಾಯುವಿಕೆಯನ್ನು. ಮೊಮ್ಮಗನ ಪ್ರಶ್ನೆಯೂ ಅದೇ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. 2004ರ ಸರ್ಕಾರಿ ನೀತಿ 256 ಕೆಬಿಪಿಎಸ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರಲ್ಲಿ ಬಿಎಸ್ಎನ್ಎಲ್ ಅದನ್ನು ಫೋನಿನ ತಾಮ್ರದ ತಂತಿಯಲ್ಲೇ ಹರಿಸಿತು. ತಾಮ್ರಕ್ಕೆ ಎಕ್ಸ್‌ಚೇಂಜಿನ ದೂರವೇ ಶತ್ರು; ನಮ್ಮ ಮಲೆನಾಡಿನ ಸೆರಗಿನಲ್ಲಿ ಜಾಯಿಂಟಿಗೆ ಇಳಿಯುವ ಮಳೆನೀರು ಇನ್ನೊಂದು. ಇಂದಿನ ಒಂದು ಆಟದ ಕಡತ ನೂರು ಜಿಬಿ ಮುಟ್ಟುತ್ತದೆ. ಲೆಕ್ಕ ಹಾಕಿದೆ: ಅಂದಿನ ವೇಗದಲ್ಲಿ ಅದನ್ನು ಇಳಿಸಿಕೊಳ್ಳಲು 36 ದಿನ ಬೇಕು, ರಜೆಯೇ ಮುಗಿದಿರುತ್ತದೆ! ನೂರು ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ ಸಾಕು.

ಆದರೆ ಆಟ ಶುರುವಾದ ಮೇಲೆ ಆ ನೂರರ ಅಗತ್ಯವಿಲ್ಲ. ಗುಂಡಿ ಒತ್ತಿದ ಸಂದೇಶ ಬಹು ಚಿಕ್ಕದು. ಅದು ಸರ್ವರ್ ಮುಟ್ಟಿ ಮರಳುವ ಕಾಲವೇ ಪಿಂಗ್. ಅಳತೆ ಮಿಲಿಸೆಕೆಂಡ್, ಸೆಕೆಂಡಿನ ಸಾವಿರದಲ್ಲೊಂದು ಪಾಲು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಂಗಪುರ ಮೂರು ಸಾವಿರ ಕಿಲೋಮೀಟರಿಗೂ ಆಚೆ. ಹೋಗಿಬರಲು ಮೂವತ್ತು ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ, ಎಷ್ಟೇ ಹಣ ಸುರಿದರೂ. ಸರ್ವರ್ ಮುಂಬಯಿಯಲ್ಲಿದ್ದರೆ ನಮಗೆ ಲಾಭ. 36,000 ಕಿಲೋಮೀಟರ್ ಮೇಲಿನ ಉಪಗ್ರಹದ ಮೂಲಕವಾದರೆ ಅರ್ಧ ಸೆಕೆಂಡೇ ಹೋಗುತ್ತದೆ. ಅಷ್ಟರಲ್ಲಿ ಎದುರಾಳಿ ಗೋಲು ಹೊಡೆದಿರುತ್ತಾನೆ.

ಮೊಬೈಲ್ ರೂಟರ್ ಅಗ್ಗವಿತ್ತು. ಹಗಲು ನಲವತ್ತು ತೋರಿಸಿದ್ದು ರಾತ್ರಿ ಊರೆಲ್ಲ ಫೋನು ಹಿಡಿದಾಗ ಮುನ್ನೂರಕ್ಕೆ ಜಿಗಿಯಿತು. ಕೊನೆಗೆ ಫೈಬರನ್ನೇ ಆರಿಸಿದೆ, ಅದೂ ಪಕ್ಕದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಅಳೆದು ನೋಡಿದ ಮೇಲೆ. ಅತಿ ವೇಗದ ಪ್ಲಾನ್ ಬೇಡವೆಂದೆ. ಹಳೆಯ ಮನೆಯ ದಪ್ಪ ಗೋಡೆ ವೈಫೈಯನ್ನು ನುಂಗುತ್ತದಾದ್ದರಿಂದ ಪ್ಲೇಸ್ಟೇಷನ್‌ವರೆಗೆ ಕೇಬಲ್ ಎಳೆಸಿದೆ. ಉಳಿದ ಹಣದಲ್ಲಿ, ಕರೆಂಟ್ ಹೋದಾಗಲೂ ರೂಟರ್ ನಡೆಯಲೆಂದು ಪುಟ್ಟ ಯುಪಿಎಸ್ ತಂದೆ.

ಕಳೆದ ವಾರ ಅಜ್ಜಂಪುರದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಇಬ್ಬರು ಮಕ್ಕಳ ತಂದೆ, "ಯಾವ ಕಂಪನಿ ಒಳ್ಳೆಯದು ಸಾರ್?" ಎಂದು ಕೇಳಿದ. ಕಂಪನಿಯ ಹೆಸರು ಬಿಡು, ನಿನ್ನದೇ ಬೀದಿಯಲ್ಲಿ ರಾತ್ರಿ ಒಂಬತ್ತಕ್ಕೆ ಪಿಂಗ್ ನೋಡು ಎಂದೆ. ಮೊಮ್ಮಗನೋ, ಮೂರು ವಾರ ಪೂರ್ತಿ ಇದ್ದ.