ವಹಿಸಿಕೊಂಡು ಬರುವವರು

"ಅವಳನ್ನ ನೀನ್ಯಾಕೆ ವಹಿಸ್ಕೊಂಡು ಬರ್ತೀಯ?" ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಹೀಗೆ ಗದರಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ದಿನಾ ತಡವಾಗಿ ಬರುತ್ತಿದ್ದ ಹುಡುಗಿ ಅಂಗೈ ಚಾಚಿ ನಿಂತಿದ್ದಳು. ಬೆತ್ತ ಮೇಲೆದ್ದಿತ್ತು. ಅವಳ ಗೆಳತಿ ಬೆಂಚಿನಿಂದೆದ್ದು, "ಹೊಡೀಬೇಡಿ ಸಾ. ಅವರಮ್ಮಂಗೆ ಹುಷಾರಿಲ್ಲ. ಬೋರಿಂಗಿಂದ ನೀರು ಹೊತ್ತು, ತಮ್ಮಂಗೆ ಗಂಜಿ ಕುಡಿಸಿ ಬರ್ತಾಳೆ ಸಾ" ಎಂದಳು.

ವಹಿಸಿಕೊಂಡು ಬರುವುದು ದೊಡ್ಡವರ ಬಾಯಲ್ಲಿ ಬಹುಪಾಲು ಬೈಗುಳವೇ. ಮೊಮ್ಮಗನನ್ನು ಅಜ್ಜಿ ವಹಿಸಿಕೊಂಡರೆ ಅಮ್ಮನಿಗೆ ಸಿಟ್ಟು, ತಂಗಿಯನ್ನು ಅಣ್ಣ ವಹಿಸಿಕೊಂಡರೆ ಅಪ್ಪನಿಗೆ. ಅದೇ ಪದ ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷತೆ ವಹಿಸುತ್ತದೆ, ಕೋರ್ಟಿನಲ್ಲಿ ವಕಾಲತ್ತು ವಹಿಸುತ್ತದೆ. ಅಲ್ಲೆಲ್ಲ ಅದಕ್ಕೆ ಮರ್ಯಾದೆ. ಹತ್ತು ವರ್ಷದ ಹುಡುಗಿ ಮಾಡಿದರೆ ಮಾತ್ರ ಅಧಿಕಪ್ರಸಂಗ!

ಸಂಸ್ಕೃತದ 'ವಹ್' ಎಂದರೆ ಹೊರುವುದು, ಒಯ್ಯುವುದು. ವಾಹನ, ಪ್ರವಾಹ, ವಿವಾಹ ಎಲ್ಲವೂ ಅದೇ ಬೇರಿನವು. ಕನ್ನಡಕ್ಕೆ ಬಂದ ಮೇಲೆ 'ಕೊಡು' ಸೇರಿದರೆ ಹೊರೆ ಇನ್ನೊಬ್ಬರ ಹೆಗಲಿಗೆ, 'ಕೊಳ್ಳು' ಸೇರಿದರೆ ನಮ್ಮದೇ ಹೆಗಲಿಗೆ. ಇಷ್ಟು ಚಿಕ್ಕ ಜೋಡಣೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇಟ್ಟಿರುವುದಕ್ಕೆ ಈ ಭಾಷೆಯ ಮೇಲೆ ನನಗೆ ಪ್ರೀತಿ.

ಆದರೆ ಆ ದಿನ ಇನ್ನೊಂದೂ ನಡೆಯಿತು. ಬೆತ್ತ ಕೆಳಗಿಳಿದರೂ ತಡವಾಗಿ ಬಂದವಳ ಕಣ್ಣಲ್ಲಿ ನೀರು ಬಂತು. ಮನೆಯ ಕಷ್ಟ ಕ್ಲಾಸಿಗೆಲ್ಲ ಗೊತ್ತಾಯಿತಲ್ಲ ಎಂಬ ಸಂಕಟ. ಮಧ್ಯಾಹ್ನದವರೆಗೂ ಅವಳು ಗೆಳತಿಯ ಜೊತೆ ಮಾತು ಬಿಟ್ಟಿದ್ದಳು. ಒಬ್ಬರನ್ನು ವಹಿಸಿಕೊಳ್ಳುವಾಗ ಅವರ ಗುಟ್ಟನ್ನೂ ಹೊರಬೇಕಾಗುತ್ತದೆ, ಅದು ಕೈಜಾರಿದರೆ ಅವರ ಮುನಿಸನ್ನೂ. ಗೆಳತಿ ಆ ಮುನಿಸನ್ನು ಹೊತ್ತಳು.

ನಾವು ಉಳಿದವರು ಮೌನ ವಹಿಸಿದ್ದೆವು. ಅದಕ್ಕೂ ಇದೇ ಪದ. ತಡವಾಗಿ ಬರುತ್ತಿದ್ದವಳ ಮನೆ ನಮ್ಮ ಬೀದಿಯಲ್ಲೇ ಇತ್ತು, ಬೆಳಗಿನ ಜಾವ ಬಿಂದಿಗೆಯ ಸದ್ದು ನನಗೂ ಕೇಳುತ್ತಿತ್ತು. ಬಾಯಿ ಬಿಡಲಿಲ್ಲ. ಆ ಮೌನ ಇನ್ನೂ ನನ್ನ ಮೇಲೆಯೇ ಇದೆ.

ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಮನೆಯಲ್ಲಿ ನರಳುತ್ತಿರುವ ಮಗುವಿಗಾಗಿ 1098ಕ್ಕೆ ಕರೆ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ. ಆ ಮಗುವೇ ಮಾಡಬಹುದು, ಅದರ ಗೆಳತಿಯೂ ಮಾಡಬಹುದು. ಸಹಪಾಠಿಯ ಬಾಲ್ಯವಿವಾಹ ತಪ್ಪಿಸಲು ಹುಡುಗಿಯರು ಹೀಗೆ ಕರೆ ಮಾಡಿದ ಸುದ್ದಿ ಓದಿದಾಗಲೆಲ್ಲ ನನಗೆ ಆ ಬೆಂಚು ನೆನಪಾಗುತ್ತದೆ. ನೀನ್ಯಾಕೆ ವಹಿಸಿಕೊಂಡು ಬರುತ್ತೀಯ ಎಂದು ಅವರನ್ನು ಯಾರೂ ಕೇಳದಿರಲಿ.

ಅಂದು ಬೆತ್ತ ಕೆಳಗಿಳಿದ ಮರುದಿನದಿಂದ ಬೋರಿಂಗಿನ ಹತ್ತಿರ ಎರಡು ಬಿಂದಿಗೆಯ ಸದ್ದು ಕೇಳತೊಡಗಿತು. ಗೆಳತಿ ಇನ್ನೊಂದು ಓಣಿಯಿಂದ ನಡೆದು ಬಂದು ಒಂದನ್ನು ತನ್ನ ಸೊಂಟಕ್ಕೇರಿಸುತ್ತಿದ್ದಳು. ಬೆಲ್ ಹೊಡೆಯುವ ಹೊತ್ತಿಗೆ ಇಬ್ಬರೂ ಒದ್ದೆ ಲಂಗದಲ್ಲೇ ಸಾಲಿನಲ್ಲಿರುತ್ತಿದ್ದರು.