ಯಾರ ದುಃಖಕ್ಕೆ ಹೆಸರಿದೆ?

ಗ್ರೀಕ್ ರುದ್ರನಾಟಕ ಅಂದ ಕೂಡಲೇ ನಮ್ಮ ವಿಮರ್ಶಕರು 'ಸಾರ್ವಕಾಲಿಕ ಮಾನವ ದುಃಖ' ಅಂತಾರೆ. ಈ ಮಾತಿನ ಮೇಲೆ ನನಗೆ ಗುಮಾನಿ. ದುಃಖಕ್ಕೂ ಒಂದು ಊರು, ಒಂದು ಕಾಲ ಇರುತ್ತದೆ.

ಯೂರಿಪಿಡೀಸನ 'ಟ್ರೋಜನ್ ಮಹಿಳೆಯರು' ನಾಟಕವನ್ನೇ ನೋಡಿ. ಅದು ಅಥೆನ್ಸ್‌ನಲ್ಲಿ ರಂಗಕ್ಕೆ ಬಂದದ್ದು ಕ್ರಿ.ಪೂ. 415ರ ವಸಂತದಲ್ಲಿ. ಅದರ ಹಿಂದಿನ ಚಳಿಗಾಲದಲ್ಲಷ್ಟೇ ಅಥೆನ್ಸ್ ಮೆಲೋಸ್ ಎಂಬ ಪುಟ್ಟ ದ್ವೀಪವನ್ನು ಮಣಿಸಿ, ಸೆರೆಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತ್ತು. ಇದನ್ನು ಬರೆದಿಟ್ಟವನು ಅಥೆನ್ಸ್‌ನವನೇ ಆದ ಥುಸಿಡೈಡೀಸ್. ಅದೇ ಊರಿನ ನಾಗರಿಕರು, ಸೋತ ಟ್ರಾಯ್‌ನ ಹೆಂಗಸರನ್ನು ಗೆದ್ದವರು ಹಂಚಿಕೊಳ್ಳುವ ಕಥೆಯನ್ನು ಕೂತು ನೋಡಿದರು. ಆ ವರ್ಷದ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಎರಡನೇ ಸ್ಥಾನ. ಮೆಲೋಸನ್ನು ಬಿಟ್ಟು ಓದಿದರೆ ನಾಟಕ ಬರೀ ಕಣ್ಣೀರು. ಸೇರಿಸಿ ಓದಿದರೆ ಆಪಾದನೆ.

ಆದರೂ ನಾನು ಇನ್ನೊಂದು ಪ್ರಶ್ನೆ ಕೇಳ್ತೀನಿ. ಇಲ್ಲಿ ಹೆಸರಿಟ್ಟುಕೊಂಡು ಅಳುವವರು ಯಾರು? ರಾಣಿ ಹೆಕ್ಯೂಬ, ಮಗಳು ಕಸಾಂಡ್ರ, ಸೊಸೆ ಆಂಡ್ರೊಮಕಿ. ಎಲ್ಲರೂ ಅರಮನೆಯವರೇ. ಮಿಕ್ಕ ಸೆರೆಯಾಳುಗಳು ಹೆಸರಿಲ್ಲದ ಮೇಳ. ನಿನ್ನೆಯ ಒಡತಿ ಇವತ್ತು ದಾಸಿಯಾದರೆ ದುರಂತ. ಹುಟ್ಟಾ ದಾಸಿಯಾದವಳದು ಬರೀ ಮನೆಗೆಲಸ! ಲಾರಿಯಂ ಗಣಿಗಳಲ್ಲಿ ಅಥೆನ್ಸ್‌ಗಾಗಿ ಬೆಳ್ಳಿ ತೋಡಿದ ಗುಲಾಮರ ಪಾಲಿಗೆ ಅಷ್ಟೂ ಇಲ್ಲ.

ಗುಲಾಮಗಿರಿಯೂ ಅಸ್ಪೃಶ್ಯತೆಯೂ ಒಂದೇ ಅಂತ ನಾನು ಹೇಳ್ತಿಲ್ಲ. ಗ್ರೀಕರನ್ನು ಅಟ್ಟಕ್ಕೆ ಹಾಕಿ ಅಂತಲೂ ಅಲ್ಲ. ಚರಿತ್ರೆಯನ್ನು ಬಿಟ್ಟು ಓದುವುದೆಂದರೆ ಒಡೆಯರ ಕಡೆ ಕೂತು ಓದಿದ ಹಾಗೆ. ದಲಿತ ವಿಮರ್ಶೆ ಮೊದಲು ಕಿವಿಗೊಡಬೇಕಾದ್ದು ಆ ಹೆಸರಿಲ್ಲದ ಮೇಳಕ್ಕೆ.