ಕೊಳೆರೋಗವೂ ಅಡಕೆಯ ತೋಟದ ಸಿಂಪರಣೆಯೂ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದಿತು. ಕುಮಟೆಯಲ್ಲಿ ಬೆಳೆಯದ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಹತ್ತಿಯ ಗಿಡವು ಗಿಡ್ಡಾದುದು. ಸಿಂಪರಣೆಯ ಯಂತ್ರಕ್ಕೆ ಎತ್ತರದ ಕಾಲುಗಳಿದ್ದರೆ ಅದು ಬೆಳೆಯ ಮೇಲೆಯೇ ನಡೆದುಹೋಗಬಲ್ಲುದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ತೋಟಿಗರಿಗೆ ಈ ಸೌಕರ್ಯವಿಲ್ಲ. ಅವರ ಅಡಕೆಯ ಮರವು 40ರಿಂದ 60 ಅಡಿಗಳವರೆಗೆ ಬೆಳೆಯುವುದು. ಇಲ್ಲಿ ಯಂತ್ರಕ್ಕೆ ಕಾಲಾದವನು ಮನುಷ್ಯನೇ.

ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಎಳೆಗಾಯಿಯ ಮೇಲೆ ನೀರು ಹೀರಿದಂತಹ ಕಲೆ ಮೂಡಿ, ಬಿಳಿಯ ಬೂಷ್ಟು ಕವಿದು, ಕಾಯಿಗಳು ರಾಶಿರಾಶಿಯಾಗಿ ಉದುರುವುವು. ಇದೇ ಕೊಳೆರೋಗ. ಹಿಂದಿನವರು ಇದನ್ನು ತಡೆಯಲು ಮಳೆಗಾಲಕ್ಕೆ ಮೊದಲೇ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುತ್ತಿದ್ದರು.

ಫ್ರಾನ್ಸಿನ ಮಿಲಾರ್ದೆ ಎಂಬ ವಿದ್ವಾಂಸನು ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು 1885ರಲ್ಲಿ ಪ್ರಸಿದ್ಧಿಗೆ ತಂದನು. ಅದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಕುರಿತ ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿ, ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ವಿವರಿಸಿದರು. ಬೋರ್ಡೋ ಸಿಂಪರಣೆಯು ಕ್ರಮೇಣ ಮಲೆನಾಡು ಕರಾವಳಿಗಳ ತೋಟಗಳಲ್ಲೆಲ್ಲ ರೂಢಿಯಾಯಿತು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ; ಅದ್ದಿದ ಕತ್ತಿಯ ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಮೊದಲನೆಯ ಸಿಂಪರಣೆಯು ಮಳೆಗೆ ಮುಂಚೆ, ಎರಡನೆಯದು ಸುಮಾರು 40–45 ದಿನಗಳ ಮೇಲೆ.

ಆದರೆ ಔಷಧವು ದೊರೆತ ಮಾತ್ರಕ್ಕೆ ಅದು ಗೊನೆಯನ್ನು ಮುಟ್ಟಲಿಲ್ಲ. ಕೆಳಗೆ ನಿಂತವರು ಪಂಪನ್ನು ಒತ್ತುತ್ತಿದ್ದರೆ, ಕೊಳವೆಯ ತುದಿಯನ್ನು ಹಿಡಿದವನು ಮರದ ತಲೆಗೇರಿ, ಅಲ್ಲಿಂದ ನೆರೆಮರಗಳ ಗೊನೆಗಳನ್ನೂ ತೋಯಿಸಬೇಕು. ಎರಡನೆಯ ಸಿಂಪರಣೆಯ ಕಾಲಕ್ಕೆ ಕಾಂಡವೆಲ್ಲ ಹಾವಸೆಗಟ್ಟಿ ಜಾರುತ್ತಿರುವುದು. ಮಳೆ ಒಂದಿಷ್ಟು ಹೊಳವಾದಾಗಲೇ ಕೆಲಸ ಮುಗಿಯಬೇಕು. ಕೈ ಜಾರಿದರೆ ಪ್ರಾಣಕ್ಕೇ ಸಂಚಕಾರ. ಕೊಟ್ಟೆಯ ಕಾಲದ ಈ ಭಯವನ್ನು ಬೋರ್ಡೋ ದ್ರಾವಣವು ನೀಗಲಿಲ್ಲ.

ಮರವೇರುವವರು ವಿರಳರಾದಂತೆ, ಇತ್ತೀಚಿನ ವರ್ಷಗಳಲ್ಲಿ ನೆಲದಿಂದಲೇ ಸಿಂಪಡಿಸುವ ಇಂಗಾಲದ ನಾರಿನ ಉದ್ದನೆಯ ದೋಟಿಗಳು ತೋಟಗಳಿಗೆ ಬಂದಿವೆ. ಕೊಳೆರೋಗದ ಇತಿಹಾಸದಲ್ಲಿ ಮಿಲಾರ್ದೆ, ಕೋಲ್ಮನ್ನರ ಹೆಸರುಗಳು ನಿಂತಿರುವುದು ನ್ಯಾಯವೇ. ಅವರ ವಿದ್ಯೆಯನ್ನು ನೂರು ವರ್ಷಗಳ ಕಾಲ ಗೊನೆಯವರೆಗೆ ಹೊತ್ತು ಮುಟ್ಟಿಸಿದವರ ಹೆಸರುಗಳನ್ನು ಮಾತ್ರ ಯಾವ ಗ್ರಂಥವೂ ಬರೆದಿಟ್ಟುಕೊಳ್ಳಲಿಲ್ಲ.